ಕಾಯಿ ಅಟ್ಟದಲ್ಲಿಟ್ಟ ನಾಣ್ಯದ ಡಬ್ಬಿ

ಕಂದಿಕೆರೆ
ಭಾನುವಾರ, 16-3-2025

ನನ್ನವರಿಗೆ ಕೋಮಲಾ ಮಾಡುವ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ನೀವೂ ಕುರಿಗಳೂ ಸುಖವಾಗಿದ್ದೀರಿ ಎಂದು ದುರ್ಗಯ್ಯ ಮಾವ ಹೇಳಿದರು. ಹೋದ ಸಲ ಅವರು ನಿಮ್ಮ ಮಂದೆಗೆ ರಾಗಿಹಿಟ್ಟು ಒಯ್ದಾಗಲೇ ಅವರ ಕೈಲಿ ಕಾಗದ ಕೊಡಬೇಕಿತ್ತು. ಎರಡು ಸಲ ಬರೆದೆ, ಎರಡು ಸಲವೂ ಒಲೆಗೆ ಹಾಕಿದೆ. ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನೀವು ಸ್ಪೀಕರ್ ಹಾಕುತ್ತೀರಿ. ಸುತ್ತ ನಾಲ್ಕು ಜನ ಕೂತಿರುತ್ತಾರೆ. ನನಗೆ ಮಾತೇ ಹೊರಡುವುದಿಲ್ಲ. ನಾಲ್ಕನೇ ಕ್ಲಾಸಿಗೇ ಬಿಟ್ಟವಳ ಅಕ್ಷರ, ನಿಧಾನವಾಗಿ ಓದಿ.

ನಿಮ್ಮ ತಂಗಿ ಮಂಜುಶ್ರೀ ಬಾಣಂತನಕ್ಕೆ ಇಲ್ಲೇ ಇದ್ದಾಳೆ. ಗಂಡು ಮಗು. ನಿಮ್ಮ ಹಾಗೇ ಹಣೆ ಗಂಟಿಕ್ಕಿಕೊಂಡು ಮಲಗುತ್ತದೆ.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿಮ್ಮ ನಾಣ್ಯದ ಡಬ್ಬಿಗೆ ನೀರು ಇಳಿಯಿತು.

ಸಂಕ್ರಾಂತಿ ಕಳೆದು ನೀವು ಹೊರಡುವ ಹಿಂದಿನ ದಿನ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು, "ಹತ್ತು ವರ್ಷದವನಿಂದ ಕೂಡಿಸಿದ್ದು ಕಣೇ. ನಮ್ ಮೊಮ್ಮಕ್ಕಳು ನೋಡೋಗಂಟ ಇರಬೇಕು. ನೀರು ತಾಗಬಾರದು, ಬೆವರ್ ಕೈಲಿ ಮುಟ್ಟಬಾರದು, ಏನೇ ಆದ್ರೂ ಉಜ್ಜಿ ತೊಳೀಬಾರದು" ಎಂದಿರಿ. ಒಂದೊಂದು ನಾಣ್ಯಕ್ಕೂ ಒಂದೊಂದು ಕಾಗದದ ಲಕೋಟೆ ಮಾಡಿದ್ದಿರಿ. ನಾನು ತಲೆ ಆಡಿಸಿದೆ. ಬೀರುವಿನಲ್ಲೇ ಇಟ್ಟಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ಮಗು ಹುಟ್ಟಿದ ಮೂರನೆಯ ದಿನಕ್ಕೇ ಅತ್ತೆ ಕೇಳಿದರು, "ಎಲ್ಲಮ್ಮಿ ಮಡಗಿದ್ದೀಯ ಅವನ ಡಬ್ಬೀನ? ಅದ್ರಾಗಿರೋ ಮೂರು ಬೆಳ್ಳಿ ರೂಪಾಯಿ ಸುಮ್ನೆ ಬಿದ್ದಿರೋ ಬದ್ಲು ಕರಗಿಸಿ ಮಗೀಗೆ ಉಡುದಾರ ಮಾಡ್ಸನ ಬುಡು. ಸೋದರಮಾವನ ಕಡೇದು ಅಂತಾದ್ರೂ ಆಯ್ತದೆ."

ಇಲ್ಲ ಎನ್ನಲು ಧೈರ್ಯ ಬರಲಿಲ್ಲ. "ಅವ್ರು ಜೊತೇಲಿ ತಗಂಡೋದ್ರು ಅತ್ತೆ" ಎಂದುಬಿಟ್ಟೆ. ಮಂಜುಶ್ರೀ ಒಳಗಿನಿಂದಲೇ, "ಕುರಿ ಕಾಯೋನಿಗೆ ಅಲ್ಲಿ ನಾಣ್ಯ ಯಾಕತ್ತಿಗೆ? ಟಗರಿಗೆ ತೋರಿಸ್ತಾನಾ?" ಎಂದು ನಕ್ಕಳು. ಆಡಿದ ಸುಳ್ಳನ್ನು ಉಳಿಸಿಕೊಳ್ಳಬೇಕಲ್ಲ. ಅವರು ಹಿತ್ತಲಿಗೆ ಹೋದಾಗ ಡಬ್ಬಿಯನ್ನು ಕಾಯಿ ಅಟ್ಟಕ್ಕೆ ಹತ್ತಿಸಿ ಮೂಲೆಯಲ್ಲಿ ಕಾಯಿಗಳ ಅಡಿಗೆ ತಳ್ಳಿದೆ. ಅಟ್ಟಕ್ಕೆ ಹಾಕಿದ ಕಾಯನ್ನು ಕೊಬ್ಬರಿ ಆಗುವ ತನಕ ಹತ್ತು ಹನ್ನೊಂದು ತಿಂಗಳು ಯಾರೂ ಮುಟ್ಟುವುದಿಲ್ಲ. ಹಸಿ ಕಾಯನ್ನೇ ಒಣಗಿಸುವ ಜಾಗ, ನಾಣ್ಯಕ್ಕೆ ಇದಕ್ಕಿಂತ ಒಣ ಜಾಗ ಎಲ್ಲಿದೆ ಎಂದುಕೊಂಡೆ. ಇದು ನನ್ನದೇ ಬುದ್ಧಿ, ಯಾರೂ ಹೇಳಿಕೊಟ್ಟದ್ದಲ್ಲ.

ಶಿವರಾತ್ರಿ ಆದ ವಾರಕ್ಕೆ ಅಟ್ಟದಿಂದ ಹುಳಿ ವಾಸನೆ ಬಂತು. ಹತ್ತಿ ನೋಡಿದರೆ ಡಬ್ಬಿಯ ಮೇಲಿದ್ದ ಕಾಯಿ ಬಿರುಕು ಬಿಟ್ಟು ಕೊಳೆತಿತ್ತು. ನೀರು ಮುಚ್ಚಳದ ಸಂದಿಯಿಂದ ಒಳಗೆ ಇಳಿದಿತ್ತು. ಲಕೋಟೆಗಳು ನೆನೆದು ನಾಣ್ಯಕ್ಕೆ ಅಂಟಿಕೊಂಡಿದ್ದವು. ತಾಮ್ರದವು ಹಸಿರು ಕಿಲುಬು ಹಿಡಿದಿದ್ದವು. ಕೆರೆ ಹಿಂದೆ ಕುರಿ ಮೇಯಿಸುವಾಗ ನಿಮಗೆ ಸಿಕ್ಕಿತ್ತಲ್ಲ, ಆನೆ ಚಿತ್ರದ ಕಾಸು, ಅದರ ಸೊಂಡಿಲು ಕಾಣುತ್ತಲೇ ಇರಲಿಲ್ಲ.

ಎಲ್ಲವನ್ನೂ ಮೊರದಲ್ಲಿ ಹರವಿಕೊಂಡು ಅಡುಗೆಮನೆಯಲ್ಲಿ ಕೂತೆ. ಅತ್ತೆ ಬಾಗಿಲಲ್ಲಿ ನಿಂತಿದ್ದು ಗೊತ್ತಾಗಲಿಲ್ಲ.

"ಓಹೋ, ಅವ್ನು ತಗಂಡೋದ ಡಬ್ಬಿ ಇದೇಯೇನಮ್ಮಿ?" ಎಂದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಪಕ್ಕದಲ್ಲಿ ಕೂತರು. ಅದಕ್ಕೇ ಹೆಚ್ಚು ಭಯವಾಯಿತು. "ಅದ್ಕ್ಯಾಕೆ ಅಳ್ತೀಯ? ಹುಣಸೇಹಣ್ಣು, ಒಲೆ ಬೂದಿ ಹಾಕಿ ಉಜ್ಜು. ದೇವರ ಗಿಂಡಿ ಬೆಳಗಲ್ವಾ, ಹಂಗೇ." ನಾನು ಬಾಯಿ ತೆರೆಯುವುದರೊಳಗೆ ಒಂದು ಬೆಳ್ಳಿ ರೂಪಾಯಿ ಎತ್ತಿಕೊಂಡು ಹುಣಸೆ ರಸದಲ್ಲಿ ತಿಕ್ಕಿದರು. ಅದು ಫಳಫಳ ಹೊಳೆಯಿತು. "ನೋಡು, ಮದುವೆ ಹೆಣ್ಣಾಯ್ತು" ಎಂದು ನಕ್ಕರು. ರಾಜನ ಕೆನ್ನೆಯ ಗೆರೆಗಳೇ ಅಳಿಸಿದ್ದವು. ಎರಡನೆಯದಕ್ಕೆ ಕೈ ಹಾಕಿದಾಗ ನಾನು ಅವರ ಮಣಿಕಟ್ಟು ಹಿಡಿದುಕೊಂಡೆ. ಈ ಮನೆಗೆ ಬಂದ ಎರಡು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದವಳಲ್ಲ.

"ಕೈ ಬುಡ್ತೀಯೋ ಇಲ್ವೋ?"

"ಬುಡಲ್ಲ ಅತ್ತೆ. ನಂಗೆ ಒಪ್ಪಿಸೋಗವ್ರೆ."

"ನಿಂಗೆ ಒಪ್ಪಿಸೋಗವ್ನೆ, ನೀನು ಕೊಳೆ ಹಾಕಿದೀಯ" ಎಂದರು. ಆದರೂ ಕೈ ಬಿಡಲಿಲ್ಲ. ಕೊನೆಗೆ ಅವರೇ ನಾಣ್ಯವನ್ನು ಮೊರಕ್ಕೆ ಎಸೆದು ಎದ್ದುಹೋದರು. ಅವತ್ತಿನಿಂದ ನನ್ನ ಕೈಯಲ್ಲಿ ನೀರು ಇಸಿದುಕೊಳ್ಳುವುದಿಲ್ಲ.

ಮಾರನೆಯ ದಿನ ಬೆಳಗಿನ ಬಸ್ಸಿಗೆ ಚಿಕ್ಕನಾಯಕನಹಳ್ಳಿಗೆ ಹೋಗಿ, ಅಲ್ಲಿಂದ ತಿಪಟೂರಿನ ಬಸ್ಸು ಹತ್ತಿದೆ. ನಿಮಗೆ ನಾಣ್ಯದ ವಿದ್ಯೆ ಕಲಿಸಿದ ಕೊಬ್ಬರಿ ಮಂಡಿ ಗಂಗಾಧರಯ್ಯನವರನ್ನು ಕೇಳಿ ಕೇಳಿ ಹುಡುಕಿದೆ. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದೆ. ಪಕ್ಕದಲ್ಲಿ ಕೂತ ಹೆಂಗಸು ಮಗುವೇನೋ ಎಂದು ಬಗ್ಗಿ ನೋಡಿದಳು.

ಅವರು ಮೊದಲು ಏನೋ ಕೇಳಿದರು, ಅದಿರಲಿ. ಆಮೇಲೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಅಂಚು ಹಿಡಿದು ನೋಡಿದರು. ನಾನು ಅಟ್ಟದ ಕಥೆ ಹೇಳಿದೆ.

"ಕಾಯೊಳಗಿನ ನೀರು ಹನ್ನೊಂದು ತಿಂಗಳಲ್ಲಿ ಎಲ್ಲಿಗೋಗ್ತದೆ ಅಂದ್ಕಂಡೆ ತಾಯಿ? ಅಟ್ಟದ ಗಾಳಿಗೇ ಅಲ್ವಾ? ಕಾಯಿ ಒಣಗೋ ಜಾಗದಲ್ಲಿ ಬೇರೆ ಯಾವ್ದೂ ಒಣಗಲ್ಲ" ಎಂದರು.

ಬ್ಯಾಟರಿಗೆ ಹಾಕುವ, ಉಪ್ಪಿನಂಶವಿಲ್ಲದ ಶುದ್ಧ ನೀರು ತರಿಸಿ ಪಿಂಗಾಣಿ ಬಟ್ಟಲಲ್ಲಿ ನಾಣ್ಯಗಳನ್ನು ನೆನೆಸಿದರು. ಉಜ್ಜಲಿಲ್ಲ, ಹತ್ತಿಬಟ್ಟೆಯಲ್ಲಿ ಒತ್ತಿ ಒತ್ತಿ ನೀರು ತೆಗೆದರು. ನನಗೂ ಮಾಡಲು ಹೇಳಿದರು. ಸಂಜೆಯ ಹೊತ್ತಿಗೆ ಹೆಚ್ಚಿನವು ಉಳಿದವು ಎಂದರು. ನಾಲ್ಕು ಹೋದವು. ಆನೆ ಕಾಸೂ ಅದರಲ್ಲೇ ಹೋಯಿತು. ಅತ್ತೆ ತಿಕ್ಕಿದ ರೂಪಾಯಿ ಬರೀ ಬೆಳ್ಳಿ, ಇನ್ನು ನಾಣ್ಯವಲ್ಲ ಎಂದರು. ಹೊಸ ಲಕೋಟೆ ಹಾಕಿ, ತೇವ ಹೀರುವ ಪೊಟ್ಟಣ ಇಟ್ಟು, ಡಬ್ಬಿಯನ್ನು ತಮ್ಮ ಮನೆಯ ಕಬ್ಬಿಣದ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ವರ್ಷಕ್ಕೆರಡು ಸಲ ತೆಗೆದು ನೋಡಿ ಪೊಟ್ಟಣ ಬದಲಿಸಬೇಕಂತೆ.

ಅಟ್ಟಕ್ಕೆ ಹಾಕಿದ್ದು ನನ್ನ ತಪ್ಪು. ಸುಳ್ಳು ಹೇಳಿದ್ದೂ ತಪ್ಪು. ಬೈದರೆ ಬೈಸಿಕೊಳ್ಳುತ್ತೇನೆ. ಅತ್ತೆಯ ಮೇಲೆ ಮಾತ್ರ ಕೋಪ ಮಾಡಬೇಡಿ. ಅವರಿಗೆ ಹೊಳೆಯುವುದೇ ಚೆಂದ, ಅವರು ಬೆಳೆದದ್ದೇ ಹಾಗೆ.

ಬಿಸಿಲು ಜೋರಾಗಿದೆ, ತಲೆಗೆ ಬಟ್ಟೆ ಇಲ್ಲದೆ ನಡೆಯಬೇಡಿ. ದೇವರು ನಿಮ್ಮನ್ನೂ ಮಂದೆಯನ್ನೂ ತೋಳನ ಕಣ್ಣಿನಿಂದ ಕಾಪಾಡಲಿ.

ಇಂತಿ ನಿಮ್ಮ
ಕೋಮಲಾ

ಮರೆತದ್ದು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟಾಗ ಗಂಗಾಧರಯ್ಯನವರು ಅದನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. "ಮಾರಕ್ಕೆ ತಂದ್ಯಾ? ನಿನ್ ಗಂಡ ಸಂಕ್ರಾಂತೀಲೇ ಹೇಳಿ ಹೋದ. ನಮ್ಮನೆಯೋಳು ತಂದ್ರೆ ತಗಬೇಡಿ ಬುದ್ಧಿ, ಕೂರಿಸ್ಕಂಡು ನಂಗೊಂದು ಫೋನ್ ಮಾಡಿ ಅಂತ" ಎಂದರು. ಮೂಟೆ ಹೊರುವವರೆಲ್ಲ ನಿಂತು ನನ್ನನ್ನೇ ನೋಡಿದರು. ಆಮೇಲೆ ನನ್ನ ಕಥೆ ಕೇಳಿ ಅವರಿಗೇ ನಾಚಿಕೆಯಾಗಿ, ಫೋನ್ ಮಾಡದೆ ಟೀ ತರಿಸಿದರು. ಕುಡಿಯಲಾಗಲಿಲ್ಲ. ಮಡಿಲಲ್ಲಿ ಡಬ್ಬಿ ಇಟ್ಟದ್ದು ಮೊದಲೋ, ಅವರಿಗೆ ಆ ಮಾತು ಹೇಳಿದ್ದು ಮೊದಲೋ? ಅದೊಂದನ್ನು ತಿಳಿಸಿ. ಡಬ್ಬಿಯನ್ನು ಅವರ ಪುಸ್ತಕದಲ್ಲಿ ನಿಮ್ಮ ಒಬ್ಬರ ಹೆಸರಿಗೇ ಬರೆಸಿ ಬಂದಿದ್ದೇನೆ. ನನ್ನ ಕೈಗೆ ಕೊಡಬೇಡಿ ಎಂದು ಈ ಸಲ ಅವರಿಗೆ ನಾನೇ ಹೇಳಿದೆ.