ಎಂಜಲು ಸಿಗಾರ್

ಪಾಲಾರ್, ಸೋಮವಾರ

ಪುಷ್ಪಕ್ಕಾ, ಪಾಲಾರಿಗೆ ನಿನ್ನೆ ಬಂದು ಸೇರ್ದೆ. ನಾನು ಕಾರು ಓಡ್ಸೋ ಸಾಹೇಬ್ರು ನಿನ್ನೇನೇ ನಂಗೊಂದು ದುಬಾರಿ ಸಿಗಾರ್ ಕೊಟ್ರು, ಎಬ್ಬೆಟ್ಟು ದಪ್ಪ. "ಹೊಗೆ ನುಂಗ್ಬೇಡಪ್ಪಾ, ಬಾಯಲ್ಲೇ ಇಟ್ಕೊಂಡು ರುಚಿ ನೋಡು" ಅಂದ್ರು. ಮೊದ್ಲು ಮೆಣಸಿನ ಖಾರ, ಆಮೇಲೆ ಹುರಿದ ಕಾಫಿಬೀಜ, ಕೊನೆಗೆ ಆಲೆಮನೆ ಪಾಕದ ಗಮಲು. ಎರಡೇ ದಮ್ಮಿಗೆ ತಲೆ ಸುತ್ತಿ ಬೆವತೋದೆ. ಬೆಲ್ಲ ತಿಂದ್ಮೇಲೆ ಸರಿಯಾಯ್ತು, ಗಾಬರಿಯಾಗ್ಬ್ಯಾಡ.

ಇಲ್ಲಿ ಗಡಿ ದಾಟೋ ಡ್ರೈವರ್‌ಗಳು ಕಾವಲು ದೇವ್ರು ಮುನಿಯಪ್ಪನ ಕಲ್ಲಿನ ಮುಂದೆ ಹೊಗೆಸೊಪ್ಪಿನ ಸುರುಟು ಹಚ್ಚಿಡ್ತಾರೆ. ನಾನು ಸೇದಿ ಉಳಿದ ಸಿಗಾರನ್ನೇ ಇಟ್ಟೆ. ಯಾರೂ ಸೇದದೆ ಇಟ್ರೆ ಸಿಗಾರ್ ತಾನಾಗೇ ಆರೋಗ್ತದೆ ಅಂತ ಸಾಹೇಬ್ರು ನಕ್ರು. ಆರಲಿಲ್ಲ. ನಡುಮಧ್ಯಾಹ್ನ, ಗಾಳಿಯೇ ಇಲ್ಲ. ಕೆಂಡ ಮಾತ್ರ ಯಾರೋ ದಮ್ಮು ಎಳೆದಂಗೆ ಕೆಂಪಾಗಿ, ಮಂಕಾಗಿ, ಮತ್ತೆ ಕೆಂಪಾಗಿ ಬುಡದವರೆಗೂ ಉರೀತು. ಟೀ ಅಂಗಡಿ ಅಜ್ಜಿ ನೋಡಿ, "ಎಂಜಲು ಇಟ್ಬುಟ್ಟಲ್ಲಪ್ಪಾ, ಇನ್ನು ಅವನ್ಗೂ ನಿಂಗೂ ಒಂದೇ ಬಾಯಿ" ಅಂತು.

ಆಮೇಲೆ ನಾನು ಬೀಡಿನೂ ಮುಟ್ಟಿಲ್ಲ ಕಣಕ್ಕಾ. ಇವತ್ತು ಅದೇ ಹೊತ್ತಿಗೆ ಬಾಯ್ತುಂಬ ಅದೇ ಮೆಣಸಿನ ಖಾರ. ಅವ್ವಂಗೆ ಇದ್ನ ಓದಿ ಹೇಳ್ಬ್ಯಾಡ. ಸಾಹೇಬ್ರು ಕೂಗ್ತಾವ್ರೆ, ನಿಲ್ಲುಸ್ತೀನಿ. ಈಗ ಉಸಿರು ಬಿಟ್ಟೆ, ಈ ಕಾರ್ಡಿನ ಮೇಲೆ ಹೊಗೆ ಹರಡ್ತು.

ನಿನ್ನ ತಮ್ಮ
ಶಾಂತರಾಜು