ನಕ್ಷೆಯಲ್ಲಿ ಹೆಸರಿಲ್ಲದ ಖಲಾಸಿಗಳು

ಅಲ್ ನಹ್ದಾ, ದುಬೈ

ಪ್ರೀತಿಯ ಪಪ್ಪಾ,

ಕಾರ್ಡಿನ ಆಚೆ ಬದಿಯ ನಕ್ಷೆಯನ್ನು ಇಲ್ಲಿಯ ಮ್ಯೂಸಿಯಮ್ಮಿನಲ್ಲಿ ನೋಡಿದೆ. ಬರೆದವನು ಹಾಯಿಹಡಗಿನ ಕಾಲದ ಬ್ರಿಟಿಷ್ ನೌಕಾಧಿಕಾರಿ. ಹದಿಮೂರಕ್ಕೆ ಹಡಗು ಹತ್ತಿ, ಈ ಕರಾವಳಿಯನ್ನು ಅಳೆದು ಕ್ಯಾಪ್ಟನ್ ಆದನಂತೆ. ಸಮುದ್ರದ ತುಂಬ ಆಳದ ಅಂಕಿಗಳು. ಸೀಸದ ಗುಂಡು ಕಟ್ಟಿದ ಹಗ್ಗ ಇಳಿಸಿ ಅಳೆದ ಖಲಾಸಿಗಳ ಹೆಸರು ಎಲ್ಲೂ ಇಲ್ಲ. ಸರಕು ಸಾಗಿಸುವ ಮಂಜಿ ಹಡಗಿನಲ್ಲಿ ನಿಮ್ಮದೂ ಅದೇ ಕೆಲಸವಾಗಿತ್ತು. ಚಿಕ್ಕವಳಿದ್ದಾಗ ನಾನು ಅದಕ್ಕೆ ನಾಚಿಕೊಂಡು ಶಾಲೆಯ ಫಾರ್ಮಿನಲ್ಲಿ ನಿಮ್ಮನ್ನು ‘ನೇವಲ್ ಆಫೀಸರ್’ ಮಾಡಿದ್ದೆ. “ನನಗೆ ಪ್ರಮೋಶನ್ ಕೊಟ್ಟಿಯಾ ಬಾಯೆ?” ಎಂದು ನಕ್ಕು ಸಹಿ ಹಾಕಿದಿರಿ, ಬೈಯಲಿಲ್ಲ. ಅಂದು ಥ್ಯಾಂಕ್ಸ್ ಹೇಳಿದ್ದೆನೇ? ಇಲ್ಲವೆಂದೇ ತೋರುತ್ತದೆ, ಈಗ ಹೇಳುತ್ತಿದ್ದೇನೆ.

“ಗ್ರ್ಯಾಂಡ್‌ಪಾ ಕೂಡ ಕ್ಯಾಪ್ಟನ್ನಾ?” ಎಂದಳು ನನ್ನ ಮಗಳು, ಮ್ಯೂಸಿಯಮ್ಮಿನ ಆ ನಕ್ಷೆಯ ಮುಂದೆ.

“ಅಲ್ಲ, ಖಲಾಸಿ,” ಎಂದು ಆ ಅಂಕಿಗಳನ್ನು ತೋರಿಸಿದೆ.

ಕಣ್ಣಿಗೆ ಡ್ರಾಪ್ಸ್ ಹಾಕುವುದನ್ನು ತಪ್ಪಿಸಬೇಡಿ. ಅಂಕಿಗಳು ಬಹಳ ಸಣ್ಣವು, ನೀವು ಓದಬೇಕು.

ನಿಮ್ಮ ಡೆಲ್ಫಿನ್