ರೋಹಿಣಿಯಿಂದ ರೋಹಿಣಿಗೆ ಲೋಕಸಂಚಾರ

ಡೋಣಿ
ಜೂನ್ ೪, ೨೦೨೫

ಸ್ವಸ್ತಿಶ್ರೀ ಲಕ್ಷ್ಮೇಶ್ವರ ಬಸ್ ಘಟಕ ಸಿಂಹಾಸನಾರೂಢೆ, ಚಿಲ್ಲರೆ ಸಂಹಾರಿಣಿ, ಬಾಗಿಲಲ್ಲಿ ಜೋತು ಬೀಳುವ ವೀರರ ಗರ್ವಭಂಜಕಿ, ಒಂದೇ ಸೀಟಿಯಿಂದ ತುಂಬಿದ ಗಾಡಿಯನ್ನು ನಡೆಸಿ ನಿಲ್ಲಿಸಬಲ್ಲ ಅಖಂಡ ಶಿರಹಟ್ಟಿ–ಮುಂಡರಗಿ ಮಾರ್ಗಾಧೀಶ್ವರಿ ಕಂಡಕ್ಟರ್ ಮಂಜುಳಾದೇವಿಯವರ ದಿವ್ಯ ಪಾದಗಳಿಗೆ, ತಮ್ಮನೂ ದಾಸಾನುದಾಸನೂ ಇತಿಹಾಸದಲ್ಲಿ ಪದವಿ ಪಡೆದು ವರ್ತಮಾನದಲ್ಲಿ ಕೆಲಸವಿಲ್ಲದವನೂ ಆದ ದುರ್ಗೇಶನ ಸಾಷ್ಟಾಂಗ ನಮಸ್ಕಾರಗಳು.

ಅಕ್ಕಾ, ತಡವಾಯಿತು, ಸಿಟ್ಟಾಗಬೇಡ. ಸೋಮವಾರವೇ ಕಳಿಸುತ್ತೇನೆ ಎಂದಿದ್ದೆ. ಭಾನುವಾರ ನೀನು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಅಂಗಳದ ಕಲ್ಲಿನ ಮೇಲೆ ಕುಳಿತು, "ಫೋನಿನ್ಯಾಗ ನಿನ್ನ ಮಾತು ಯಾವುದು ಖರೆ, ಯಾವುದು ಚ್ಯಾಷ್ಟಿ ಅಂತ ತಿಳಿಯೂದಿಲ್ಲೋ, ಬರದು ಕಳಸು" ಎಂದು ಅಪ್ಪಣೆ ಮಾಡಿ ಹೋದೆ. ಬರೆಯಲು ಕುಳಿತರೆ ಚ್ಯಾಷ್ಟಿ ಇನ್ನೂ ಸುಲಭವಾಗಿ ಬಂತು. ಆ ಹಾಳೆಗಳನ್ನೆಲ್ಲ ಅವ್ವ ಒಲೆಗೆ ಹಾಕಿದಳು. ಇದು ಉಳಿದದ್ದು. ನಮ್ಮೂರಿಗೆ ಬರುವ ನಿಮ್ಮ ಘಟಕದ ಡ್ರೈವರ್ ಲಾಡಸಾಬ ಕಾಕಾನ ಕೈಗೆ ಕೊಡುತ್ತೇನೆ. ಅವರು ಹಾರ್ನ್‌ಗಿಂತ ನಂಬಿಗಸ್ತರು.

ಮೊದಲು ನಿನಗೆ ಬೇಕಾದ ಖಬರ. ನಿನ್ನ ಮಗಳು ವಿದ್ಯಾಶ್ರೀ ಆರಾಮ ಇದ್ದಾಳೆ. ಜ್ವರ ಇಲ್ಲ. ಔಷಧಿಗೆ ಉದುರಿದ್ದ ಕೂದಲು ತಲೆಯ ಮೇಲೆ ಮೆಲ್ಲಗೆ ಮೊಳೆಯುತ್ತಿದೆ. ಅವ್ವ ದಿನಾ ಮುಟ್ಟಿ ನೋಡಿ "ಉದ್ದ ಆಗ್ಯಾವ" ಎನ್ನುತ್ತಾಳೆ, ಆಗಿರಲಿ ಬಿಡಲಿ. ಈ ವರ್ಷವೆಲ್ಲ ಜನಸಂದಣಿ ಬೇಡ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದು ನಿನಗೆ ಎಷ್ಟು ಕಠಿಣವೋ ನನಗೆ ಗೊತ್ತು. ಶಾಲೆಯ ಗದ್ದಲವೂ ಸಂದಣಿ, ದಿನವಿಡೀ ಬಸ್ಸಿನಲ್ಲಿ ನಿನ್ನ ಮೈಗೆ ತಾಗುವ ಊರೂರಿನ ಕೆಮ್ಮೂ ಸಂದಣಿ. ಅದಕ್ಕೇ ಅವಳು ನಿನ್ನ ತವರಿನಲ್ಲಿ, ನೀನು ಅಂಗಳದಲ್ಲಿ. ಅವಳಿಗೆ ನೆಗಡಿ ತಂದಾನೆಂದು ತಮ್ಮ ಸುಭಾಸನ ಶಾಲೆಯನ್ನೂ ಬಿಡಿಸಿದಿರಲ್ಲ, ಆ ಎಂಟು ವರ್ಷದ ಮಹಾಶಯನೊಬ್ಬನೇ ಈ ಕಾಯಿಲೆಯಿಂದ ಸುಖಪಟ್ಟವನು. ಆ ಸುಖಕ್ಕೆ ಕಲ್ಲು ಹಾಕಲು ನಾನು ಮನೆಯಲ್ಲೇ ಶಾಲೆ ತೆರೆದೆ.

ಗಣಿತ, ಕನ್ನಡ ಹೇಗೋ ನಡೆಯುತ್ತವೆ. ನನ್ನ ಹೆಮ್ಮೆ ಇರುವುದು ಜಗತ್ತಿನ ಪಾಠದಲ್ಲಿ. ಪುಸ್ತಕದಲ್ಲಿ ಇತಿಹಾಸ ಒಂದು ಕಡೆ, ಭೂಗೋಳ ಇನ್ನೊಂದು ಕಡೆ, ಸಿಟ್ಟಾದ ಓರಗಿತ್ತಿಯರ ಹಾಗೆ. ನಾನು ಇಬ್ಬರನ್ನೂ ಒಂದೇ ಒಲೆಗೆ ಹಚ್ಚಿದೆ. ಯಾವ ನೆಲಕ್ಕೆ ಹೋಗುತ್ತೇವೋ ಆ ನೆಲದ ಹೊಳೆ, ಗುಡ್ಡ, ಗಾಳಿ ನೋಡಿ, ಅಲ್ಲಿಯ ರಾಜರ ಜಗಳವನ್ನೂ ಕೇಳಿಕೊಂಡೇ ಮುಂದಿನ ದೇಶಕ್ಕೆ ಹೊರಡುವುದು. ಪಾಠದ ಪಟ್ಟಿಗೆ ಜೂನ್, ಜುಲೈ ಎಂದು ಗೆರೆ ಹೊಡೆಯುತ್ತಿದ್ದಾಗ ಅವ್ವ ಬಗ್ಗಿ ನೋಡಿದಳು.

"ಅವೆಲ್ಲಾ ಯಾರಿಗೆ ಬೇಕಾಗ್ಯಾವಲೇ? ಮಳಿ ಹೆಸರು ಹಾಕು. ಯಾವಾಗ ಯಾವ ದೇಶ ಅಂತ ನನಗೂ ತಿಳೀತೈತಿ."

ಹೀಗಾಗಿ ನಮ್ಮ ಲೋಕ ಮಳೆಗಳ ಮೇಲೆ ನಿಂತಿದೆ. ಈಗಿನ ರೋಹಿಣಿ ಮಳೆಗೆ ಈಜಿಪ್ಟ್. ಆರಿದ್ರಾ ಮಳೆಗೆ ಅರಬ್ಬಿ ಸಮುದ್ರ: ನಮ್ಮ ಹೊಲಕ್ಕೆ ಮಳೆ ತರುವ ಗಾಳಿಯೇ ಹಿಂದೆ ಹಡಗುಗಳನ್ನೂ ತಂದದ್ದು ಹೇಗೆ ಎಂಬುದು. ಹುಬ್ಬಾ, ಉತ್ತರಾ ಮಳೆಗೆ ಗ್ರೀಸು, ರೋಮು. ಹತ್ತಿ ಬಿಡಿಸುವ ಕಾಲಕ್ಕೆ ಅಮೆರಿಕ. ಅಲ್ಲಿಯವರು ತಮ್ಮತಮ್ಮಲ್ಲೇ ಯುದ್ಧಕ್ಕೆ ಬಿದ್ದಾಗ ಇಂಗ್ಲೆಂಡಿನ ಮಿಲ್ಲುಗಳು ನಮ್ಮ ಸೀಮೆಯ ಹತ್ತಿಗೂ ಬಾಯಿ ತೆರೆದ ಕತೆಯನ್ನು ಕುರ್ತಕೋಟಿಯ ಎರೆಹೊಲದ ಬದುವಿನಲ್ಲಿ ಕುಳಿತೇ ಹೇಳಬೇಕೆಂದಿದೆ. ಅಲ್ಲಿ ಸಂದಣಿ ಎಲ್ಲಿದೆ, ಹೇಳು.

ನಿನ್ನ ಅಪ್ಪಣೆಗೆ ಕಾಯದೆ ಈಜಿಪ್ಟ್ ಶುರು ಮಾಡಿಬಿಟ್ಟೆವು. ಹಿತ್ತಲಲ್ಲಿ ಬಚ್ಚಲ ನೀರಿಗೆ ಕಾಲುವೆ ತೋಡಿ ಅದಕ್ಕೆ ನೈಲ್ ಎಂದು ಹೆಸರಿಟ್ಟೆವು. ಪ್ರವಾಹ ಬಂದು ಇಳಿದ ಮೇಲೆ ಉಳಿಯುವ ಮಣ್ಣಿನ ಮಹಿಮೆಯನ್ನು ನಾನು ವರ್ಣಿಸುತ್ತಿದ್ದರೆ, ಅವ್ವ ಎರಡೂ ದಂಡೆಗೆ ಮೆಂತ್ಯ ಚೆಲ್ಲಿಬಿಟ್ಟಳು. ಈಗ ಮೊಳಕೆ ಬಂದಿದೆ. ಸುಭಾಸ ತಲೆಗೆ ಟಾವೆಲ್ ಸುತ್ತಿಕೊಂಡು ಫರೋ ಆಗಿ ಬಂದ.

"ಆಯಿ, ಇದು ನನ್ನ ರಾಜ್ಯ. ನನ್ನ ಪಾಲು ಕೊಡು."

"ನಿನ್ನ ಪಾಲಾ? ನಾಕು ತಂಬಿಗಿ ನೀರು ಹಾಕು ಮೊದಲ. ರಾಜಾ ಅಂತ ರಾಜಾ! ಚಡ್ಡಿ ಏರಿಸಿಕೋ."

ವಿದ್ಯಾಶ್ರೀ ನಕ್ಕಳು ಅಕ್ಕಾ, ಹೊಟ್ಟೆ ಹಿಡಿದುಕೊಂಡು. ಆ ಸಪ್ಪಳ ನಿನಗೆ ಕಳಿಸಲು ಆಗುವುದಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

ಇನ್ನು ಭಾನುವಾರದ ಮಾತು. ನಾನು ದೊಡ್ಡ ಹಾಳೆಯ ತಲೆಗೆ 'ಒಂದು ವರ್ಷದ ಲೋಕಸಂಚಾರ' ಎಂದು ಬಣ್ಣದಲ್ಲಿ ಬರೆದಿದ್ದೆ. ಅಷ್ಟೇ ಬರೆದಿದ್ದೆ, ಕೆಳಗೆ ಇನ್ನೂ ಖಾಲಿ. ನೀನು ದೂರದಿಂದಲೇ ಓದಿ ಕೈ ಬೀಸಿದೆ. "ವರ್ಷ ಅನಬ್ಯಾಡೋ. ಅಳಸು ಅದನ್ನ. ಒಂದು ಮಳಿ, ಎರಡು ಮಳಿ ಅನ್ನು ಸಾಕು. ಮುಂದಿಂದು ಮುಂದ." ಅವ್ವನೂ ಹೌದೆಂದಳು. ನಮ್ಮ ಮನೆಯ ರೀತಿ ನನಗೆ ಗೊತ್ತಿಲ್ಲವೇ? ಹೊಲದಲ್ಲಿ ನಿಂತ ಬೆಳೆಗೆ ಇಷ್ಟು ಚೀಲ ಆದೀತು ಎಂದು ಯಾರೂ ಬಾಯಿ ಬಿಡುವಂತಿಲ್ಲ. ಕೇಳಿದವರಿಗೆ ಅಪ್ಪ "ನೋಡೂಣು" ಎನ್ನುತ್ತಿದ್ದ, ರಾಶಿ ಮನೆಗೆ ಬರುವವರೆಗೂ. ಚಿಕ್ಕಂದಿನಲ್ಲಿ ನಾನು ಕೂಗಿ ಎಣಿಸಿ ಏಟು ತಿಂದವನು.

ಆದರೆ ಕಿಟಕಿಯ ಒಳಗೆ ನಿನ್ನ ಮಗಳು ನಿಂತಿದ್ದಳು.

ನೀನು ಹೋದ ಮೇಲೆ ಕೇಳಿದಳು, "ಮಾಮಾ, ಅವ್ವ ವರ್ಷ ಯಾಕ ಬ್ಯಾಡ ಅಂದ್ಲು?" ನಾನು ಎಂದಿನಂತೆ, "ವರ್ಷ ಅಂದ್ರ ವರ್ಷದ ಫೀಜು ಕೊಡಬೇಕಾಗ್ತೈತಿ, ನಿಮ್ಮವ್ವ ಜಿಪುಣಿ" ಎಂದೆ. ಅವಳು ನಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವ್ವನ ಹತ್ತಿರ ಹೋಗಿ ಕುಳಿತಳು.

"ಆಯಿ, ನಾನೂ ನಿಂತ ಬೆಳಿ ಏನ?"

ಅವ್ವನ ಕೈ ರೊಟ್ಟಿಯ ಮೇಲೆ ನಿಂತುಬಿಟ್ಟಿತು. ಹಂಚಿನ ಮೇಲಿದ್ದದ್ದು ಕರಕಾಯಿತು. ಆಮೇಲೆ ನನ್ನ ಕಡೆ ತಿರುಗಿ ಬೈದಳು: "ಏನ ನೋಡತೀಲೇ? ಬರಿ. ವರ್ಷ ಅಂತನ ಬರಿ. ಬಿತ್ತುವಾಗ ಸುಗ್ಗಿ ಮನಸಿನ್ಯಾಗ ಇಟಗೊಂಡ ಬಿತ್ತತೀವಿ. ಬಾಯ್ಲೆ ಅನ್ನೂದಿಲ್ಲ, ಅಷ್ಟ. ಈ ಕೂಸಿಗೆ ಬಾಯ್ಲೆ ಅನಬೇಕಾಗೇತಿ."

ಅಕ್ಕಾ, ನಿನ್ನ ಅಂಜಿಕೆಯನ್ನು ನಾನು ಹಗುರ ಮಾಡುತ್ತಿಲ್ಲ. ಆಸ್ಪತ್ರೆಯ ಆ ಮಂಚದ ಪಕ್ಕ ಕುಳಿತವಳು ನೀನು; ನಾನು ಬಾಳೆಹಣ್ಣು ತಂದು ಜೋಕು ಹೇಳಿ ಹೋದವನು. ಆದರೆ ನಾವು ಬಾಯಿ ಬಿಡದ ಮಾತನ್ನು ಅವಳು ಕೇಳಿಸಿಕೊಳ್ಳುತ್ತಾಳೆ. ಬರುವ ದೀಪಾವಳಿಗೆ ಏನು ಕೊಡಿಸೋಣ ಎಂದು ಈ ಮನೆಯಲ್ಲಿ ಯಾರೂ ಕೇಳಿಲ್ಲ ಎಂಬುದನ್ನು ಅವಳು ಗಮನಿಸಿದ್ದಾಳೆ. ಹನ್ನೊಂದು ವರ್ಷದವಳಿಗೆ ಮುಂದಿನ ವರ್ಷದ ಹೆಸರನ್ನೇ ಎತ್ತದಿದ್ದರೆ, ಅವಳು ಏನೆಂದು ತಿಳಿಯಬೇಕು? ಅದಕ್ಕೇ ನಿನ್ನ ತಮ್ಮ ಎದೆಗಾರಿಕೆ ಮಾಡಿದ್ದಾನೆ. ರೋಹಿಣಿಯಿಂದ ರೋಹಿಣಿಯವರೆಗೆ, ಒಂದು ಮಳೆಯನ್ನೂ ಬಿಡದೆ, ಜಗತ್ತನ್ನೆಲ್ಲ ಹಾಳೆಗೆ ಇಳಿಸಿ ಇದರ ಜೊತೆ ಮಡಚಿ ಇಟ್ಟಿದ್ದೇನೆ. ಕೆಳಗೆ ನಿನ್ನ ಸಹಿಗೆ ಜಾಗ ಇದೆ. ಬರಿ ಸಹಿ ಸಾಲದು. 'ಆತು' ಎಂದು ಬರೆದು ಸಹಿ ಮಾಡಬೇಕೆಂದು ವಿದ್ಯಾರ್ಥಿನಿಯ ಹುಕುಂ. ಶುಕ್ರವಾರದ ಗಾಡಿಗೆ ಲಾಡಸಾಬ ಕಾಕಾನ ಕೈಯಲ್ಲಿ ವಾಪಸು ಬರಲಿ. ಅವಳು ಬಾಗಿಲಲ್ಲೇ ಕಾಯುತ್ತಿರುತ್ತಾಳೆ.

ನಿನ್ನ ಯಜಮಾನರು, ನಮ್ಮ ಮಾವ, ಬೋರ್‌ವೆಲ್ ಗಾಡಿಯ ಜೊತೆ ಇನ್ನೂ ರಾಯಚೂರಿನ ಕಡೆಯೇ ಇದ್ದರೆ ಫೋನಿನಲ್ಲಿ ಓದಿ ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಚಿಕ್ಕವನಾದ್ದರಿಂದ ನಿನಗೆ ಆಶೀರ್ವಾದ ಮಾಡುವ ಅಧಿಕಾರ ನನಗಿಲ್ಲ, ಅವ್ವ ಹಿಟ್ಟಿನ ಕೈ ಎತ್ತಿ ಹೇಳಿದ್ದನ್ನು ಹಾಗೇ ದಾಟಿಸುತ್ತೇನೆ: "ನನ್ನ ಮಗಳು ತಣ್ಣಗಿರಲಿ."

ನಿನ್ನ ತಮ್ಮ,
ದುರ್ಗೇಶ
(ಡೋಣಿ ವಿಶ್ವವಿದ್ಯಾಲಯದ ಕುಲಪತಿ, ಜವಾನ ಮತ್ತು ಗಂಟೆ ಬಾರಿಸುವವ)

ತಾ.ಕ.: ಹಾಳೆ ಬಿಡಿಸಿದರೆ ನಿನಗೇ ಗೊತ್ತಾಗುತ್ತದೆ, ಅದಕ್ಕೆ ಮೊದಲೇ ಹೇಳುತ್ತೇನೆ. ಹಸ್ತ ಮಳೆಯಿಂದ ಆಚೆಯ ಅಕ್ಷರ ನನ್ನದಲ್ಲ. ಆ ಹೊತ್ತಿಗೆ ಹುಬ್ಬಳ್ಳಿಯಲ್ಲಿ ಮತ್ತೆ ರಕ್ತಪರೀಕ್ಷೆ ಇದೆಯಲ್ಲ, ಅಲ್ಲಿಗೆ ಬಂದಾಗ ನನ್ನ ಕೈ ಮುಂದೆ ಹೋಗಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ವಿದ್ಯಾಶ್ರೀಗೆ "ಪೆನ್ನಿನ್ಯಾಗಿನ ಶಾಹಿ ತೀರೇತಿ" ಎಂದೆ. ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ತನ್ನ ಪೆನ್ನು ತಂದು, ಅಮೆರಿಕ, ಜಪಾನು, ಆಫ್ರಿಕಾ ಎಲ್ಲವನ್ನೂ ತಾನೇ ಬರೆದು ಮುಗಿಸಿದಳು.

ಈ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಆ ಪೆನ್ನಿನಲ್ಲೇ ಬರೆದಿದ್ದೇನೆ.